ಪೂಜೆಯಲ್ಲಿ ಹಾಕಿದ ಸಹಿಗೆ ನಲವತ್ತೊಂದು ಲಕ್ಷ

ಮಾನ್ಯ ತೆರಿಗೆ ವಸೂಲಿ ಅಧಿಕಾರಿಗಳೇ,

ನನ್ನ ಗಂಡ ನಡೆಸಿದ ಅಂಗಡಿಯ ನಲವತ್ತೊಂದು ಲಕ್ಷ ತೆರಿಗೆಗಾಗಿ ನೀವು ನನ್ನ ಬ್ಯಾಂಕ್ ಖಾತೆಗೆ ಬೀಗ ಹಾಕಿದ್ದೀರಿ. ಅದರಲ್ಲಿ ನಿಮಗೆ ಸಿಕ್ಕಿದ್ದು ಹನ್ನೊಂದು ಸಾವಿರ ಚಿಲ್ಲರೆ. ಬಸವನ ಬಾಗೇವಾಡಿಯ ಅಂಗನವಾಡಿಯಲ್ಲಿ ನಾನು ದುಡಿದ ಗೌರವಧನ. ಇಷ್ಟು ದೊಡ್ಡ ಬೇಟೆಗೆ ಅಭಿನಂದನೆಗಳು.

ನಾನೇನೂ ಹಸಿದು ಬದುಕಿದವಳಲ್ಲ. ಇಂಡಿ ಪಟ್ಟಣದಲ್ಲಿ ಸಿಮೆಂಟು, ಕಬ್ಬಿಣದ ವ್ಯಾಪಾರ ಜೋರಾಗಿದ್ದಾಗ ನಮಗೆ ಮೂರಂತಸ್ತಿನ ಮನೆ, ಎರಡು ಕಾರು, ಮಗಳ ಹುಟ್ಟುಹಬ್ಬಕ್ಕೆ ಸೊಲ್ಲಾಪುರದಿಂದ ಬ್ಯಾಂಡು. ಚಿನ್ನದ ಡಾಬು ಹಾಕಿಕೊಂಡು ನಗುತ್ತಿರುವ ನನ್ನ ಫೋಟೊ ನಿಮ್ಮ ಕಡತದಲ್ಲಿದೆಯಂತೆ. ಹೌದು, ನಕ್ಕಿದ್ದೇನೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಆದರೆ ನಕ್ಕವಳಿಗೆ ಲೆಕ್ಕವೂ ಗೊತ್ತಿರುತ್ತದೆ ಎಂದು ಯಾವ ಕಾನೂನಿನಲ್ಲಿ ಬರೆದಿದೆ?

ಸಹಿ ನನ್ನದೇ. ಪ್ರತಿ ದೀಪಾವಳಿಗೆ ಅಂಗಡಿ ಪೂಜೆಯಲ್ಲಿ ಕಾಗದಗಳಿಗೆ ಅರಿಶಿನ ಕುಂಕುಮ ಹಚ್ಚಿ, ಸೊಸೆಯ ಕೈಯಿಂದ ಮೊದಲ ಸಹಿ ಹಾಕಿಸುವುದು ಗಂಡನ ಮನೆತನದ ಪದ್ಧತಿ. ಒಮ್ಮೆ ಹಾಳೆ ತಿರುವಿ ನೋಡಲು ಹೋದೆ. ಅತ್ತೆ ರೇವವ್ವ ಕೈ ಹಿಡಿದರು: "ಪೂಜಿ ಕಾಗದ ಓದಬಾರ್ದವ್ವಾ, ಲಕ್ಷ್ಮಿ ಮ್ಯಾಲೆ ಸಂಶೆ ಪಟ್ಟಂಗ ಆಗತೈತಿ." ಬಿ.ಎ. ಓದಿದ ನಾನು ಓದದೆ ಸಹಿ ಹಾಕಿದೆ. ಅಂಗಡಿಯ ಮಾಲೀಕಳು ನಾನೇ ಎಂಬ ಪತ್ರವೂ ಅದರಲ್ಲಿತ್ತು.

ಗಂಡ ನನ್ನನ್ನೂ ಮಗಳನ್ನೂ ಹೊರಹಾಕಿ ಎರಡು ವರ್ಷವಾಯಿತು. ಈಗ ಸಿಂದಗಿಯಲ್ಲಿ ತಮ್ಮ ಅಣ್ಣನ ಹೆಸರಿನ ಮನೆಯಲ್ಲಿ, ಅಣ್ಣನ ಹೆಸರಿನ ಕಾರಿನಲ್ಲಿ ಆರಾಮಾಗಿದ್ದಾರೆ. ನಿಮ್ಮ ಸಿಬ್ಬಂದಿಯನ್ನು ಕೇಳಿದರೆ, "ಅವರ ಹೆಸರಿನ್ಯಾಗ ಏನೂ ಇಲ್ರಿ ಅಕ್ಕಾರ, ಏನ್ ವಸೂಲ್ ಮಾಡೂಣ್ರಿ?" ಎನ್ನುತ್ತಾರೆ. ಏನೂ ಇಲ್ಲದವರು ಇಷ್ಟು ಸುಖವಾಗಿರುತ್ತಾರೆಂದು ನನಗೆ ತಿಳಿದಿರಲಿಲ್ಲ.

ಮಗಳು ಸುನೀತಾ ನರ್ಸಿಂಗ್ ಓದುತ್ತಿದ್ದಾಳೆ. ಇದೇ ಹದಿನೈದರೊಳಗೆ ಪರೀಕ್ಷೆ ಶುಲ್ಕ ಕಟ್ಟಬೇಕು. ಬೇರೆ ದಾರಿ ಕಾಣದೆ ಅವಳ ಅಪ್ಪನಿಗೇ ಫೋನ್ ಮಾಡಿದೆ. "ಕಟ್ತೇನಿ ಬಿಡು. ಹದಿನಾಲ್ಕಕ್ಕ ಹೊಸಾ ಅಂಗಡಿ ಪೂಜಿ ಐತಿ. ಆಕಿಗೆ ಹದಿನೆಂಟು ತುಂಬ್ಯಾವಲ್ಲ, ಕಳಸು" ಎಂದರು. ಮಗಳು ಬ್ಯಾಗು ತುಂಬಿಕೊಳ್ಳುತ್ತಿದ್ದಾಳೆ. "ಒಂದ್ ಸಹಿ ಅಲ್ಲೇನವ್ವಾ? ನನ್ನ ವರ್ಷ ಹಾಳಾಗೋದಕ್ಕಿಂತ ಅದ ಚಲೋ" ಎನ್ನುತ್ತಾಳೆ. ಅವಳಿಗೆ ಉತ್ತರ ಕೊಡಲು ನನ್ನ ಬಳಿ ಮಾತಿದೆ, ಹಣವಿಲ್ಲ.

ಸಾಹೇಬರೇ, ನಾನು ದಯೆ ಬೇಡುತ್ತಿಲ್ಲ. ವಿಚಾರಣೆಗೆ ಕರೆಯಿರಿ, ಬರುತ್ತೇನೆ. ನನ್ನ ತಪ್ಪಿಗೆ ಶಿಕ್ಷೆಯನ್ನೂ ಕೊಡಿ. ಆ ಹನ್ನೊಂದು ಸಾವಿರವನ್ನು ಮಾತ್ರ ಪೂಜೆಗೆ ಮೊದಲು ಬಿಡುಗಡೆ ಮಾಡಿ. ಆಗದಿದ್ದರೆ ನಿಮ್ಮ ಮುಂದಿನ ನೋಟಿಸಿಗೆ ಹೆಸರು ಈಗಲೇ ಬರೆದುಕೊಳ್ಳಿ: ಸುನೀತಾ, ವಯಸ್ಸು ಹದಿನೆಂಟು.

ಇಂತಿ,
ನಿಮ್ಮ ಕಡತದ ಪ್ರಕಾರ ಸಿರಿವಂತೆಯಾದ
ರಾಜಶ್ರೀ