ರಾಜನ ಮೇಲೆ ಬಿದ್ದ ಬಾಂಬರ್

ಸ್ಪ್ರಿಂಗ್‌ಫೀಲ್ಡ್ ಲೇಕ್ಸ್, ಬ್ರಿಸ್ಬೇನ್
೨೭ ಸೆಪ್ಟೆಂಬರ್ ೨೦೨೫

ಪ್ರೀತಿಯ ಕನಕಾ,

ನಿನ್ನ ಮಂಡಿನೋವು ಹೇಗಿದೆ? ಮಗಳು ನಿವೇದಿತಾ ಬಾಣಂತಿ ಲೇಹ್ಯವನ್ನು ಮುಖ ಸಿಂಡರಿಸದೆ ತಿನ್ನುತ್ತಿದ್ದಾಳೆಯೇ? ಮಗುವಿಗೆ ಎಣ್ಣೆ-ನೀರು ಹಾಕಲು ನೆಲದ ಮೇಲೆ ಕೂರಬೇಡ, ಕೈಹಿಡಿದು ಏಳಿಸಲು ಅಲ್ಲಿ ನಾನಿಲ್ಲ. ಇಲ್ಲಿ ಎಲ್ಲರೂ ಕ್ಷೇಮ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ಮೊದಲ ವಾಕ್ಯ ಮುಗಿಯುವ ಮುಂಚೆ ನೀನು ಬಾಯಿ ಹಾಕುತ್ತೀಯ. ಮಗ ಪ್ರವೀಣ ನಾಳೆ ಗಣಿ ಕೆಲಸಕ್ಕೆಂದು ನೀವಿರುವ ಪರ್ತ್‌ಗೇ ಹೊರಟಿದ್ದಾನೆ, ಅವನ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ಕೂತುಕೊಂಡು ಓದು.

ಈ ಸಲ ಗೊಂಬೆ ಕೂರಿಸುವ ಹೊಣೆಯನ್ನು ನನಗೆ ವಹಿಸಿ ಹೋದೆ. ನಿನ್ನ ತವರಿನ ಪಟ್ಟದ ಗೊಂಬೆಗಳನ್ನು ಕೊಡುವಾಗ, “ಇವರಿಬ್ಬರಿಗೆ ಏನಾದ್ರೂ ಆದ್ರೆ ನಾನು ಈ ಮನೆಗೆ ವಾಪಸ್ ಬರಲ್ಲ ರೀ” ಅಂದಿದ್ದೆ. ಚೆನ್ನಾಗಿ ನೆನಪಿದೆ. ರಾಜ ರಾಣಿಯರನ್ನು ಮೇಲಿನ ಮೆಟ್ಟಿಲಲ್ಲೇ ಕೂರಿಸಿದೆ. ಕೆಳಗೆ ನೀನು ಪಾರ್ಕು ಮಾಡುವ ಜಾಗದಲ್ಲಿ, ಯುದ್ಧಕಾಲದ ಸೇತುವೆ ಮಾಡೋಣವೆಂದು ಮೊಮ್ಮಗಳು ಚೈತನ್ಯಾ ಹಟ ಹಿಡಿದಳು. ಶಾಲೆಯಲ್ಲಿ ಎರಡನೇ ಮಹಾಯುದ್ಧದ ಪಾಠವಂತೆ. ಪಿಡಬ್ಲ್ಯುಡಿಯಲ್ಲಿ ಮೂವತ್ತೆರಡು ವರ್ಷ ಸೇತುವೆ ಕಟ್ಟಿದವನ ಹತ್ತಿರ ಬಂದು ಕೇಳಿದರೆ ಬೇಡವೆನ್ನಲಾಗುತ್ತದೆಯೇ?

ರಟ್ಟಿನ ಸೇತುವೆ, ಅದರ ಎರಡು ತುದಿಗೂ ಖಾಲಿ ಪೆನ್ನುಗಳ ವಿಮಾನವಿರೋಧಿ ಫಿರಂಗಿಗಳು, ಆಕಾಶಕ್ಕೆ ಬೆಳಕು ಬಿಡಲು ಟಾರ್ಚು. ಮರಳು ಚೀಲಗಳಿಗೆ ಸೊಸೆ ಹಂಸಾಳ ಬನ್ಸಿ ರವೆ ತುಂಬಿಸಿದೆ, ಅವಳಿಗೆ ಇನ್ನೂ ಗೊತ್ತಿಲ್ಲ. ಬಾಂಬರ್ ಮಾತ್ರ ಗಟ್ಟಿಮುಟ್ಟಾಗಿರಬೇಕಿತ್ತು. ಸನ್ನಿಬ್ಯಾಂಕ್ ಬಡಾವಣೆಯ ಅಂಗಡಿಯಿಂದ ತಂದ ಮಂಗಳೂರು ಸೌತೆಕಾಯಿಗೆ ರಟ್ಟಿನ ರೆಕ್ಕೆ ಸಿಕ್ಕಿಸಿದೆ. ಬಾಡಿಗೆ ಮನೆ ನೋಡು, ಸೀಲಿಂಗಿಗೆ ಮೊಳೆ ಹೊಡೆಯುವಂತಿಲ್ಲ. ಅದಕ್ಕೇ ಫ್ಯಾನಿನ ರೆಕ್ಕೆಗೆ ದಾರ ಕಟ್ಟಿ ತೂಗುಬಿಟ್ಟೆ. ಸೆಪ್ಟೆಂಬರಿನಲ್ಲಿ ಫ್ಯಾನು ಯಾರು ಹಾಕುತ್ತಾರೆ ಅಂದುಕೊಂಡೆ.

ಪಕ್ಕದ ಮನೆಯ ನಟರಾಜ್ ಹಾಕಿದರು. ನಿನ್ನೆ ಸಂಜೆ ಆರತಿಗೆ ಬಂದವರು, ಸೆಕೆ ಎನ್ನುತ್ತಾ ತಮ್ಮ ಮನೆಯೇ ಎಂಬಂತೆ ಸ್ವಿಚ್ ಒತ್ತಿಬಿಟ್ಟರು. ವಿಮಾನದ ಮೊದಲ ಸುತ್ತಿಗೆ ಹೆಂಗಸರು ಚಪ್ಪಾಳೆ ತಟ್ಟಿದರು. ಎರಡನೇ ಸುತ್ತಿಗೆ ಎಲ್ಲರೂ ನೆಲ ಹಿಡಿದರು. ನಟರಾಜ್ ತಲೆಗೆ ಅಡ್ಡವಾಗಿ ತಟ್ಟೆ ಹಿಡಿದರು, ಅದರಲ್ಲಿ ಕೋಸಂಬರಿ ಇತ್ತು. ಚೈತನ್ಯಾ ಒಬ್ಬಳೇ ಜಾಗ ಬಿಡದೆ ಫಿರಂಗಿ ತಿರುಗಿಸುತ್ತಿದ್ದಳು. ಮೂರನೇ ಸುತ್ತಿಗೆ ದಾರ ಕಿತ್ತುಹೋಯಿತು. “ತಾತಾ, ವಿ ಗಾಟ್ ಹಿಮ್” ಎಂದು ಕುಣಿದಳು. ಆದರೆ ಬಾಂಬರ್ ಬಿದ್ದದ್ದು ಮೇಲಿನ ಮೆಟ್ಟಿಲ ಮೇಲೆ. ಸೇತುವೆಗೆ ಒಂದು ಗೀರೂ ಆಗಿಲ್ಲ, ಅದನ್ನು ಗಮನಿಸು. ರಾಣಿ ಕ್ಷೇಮ. ರಾಜನಿಗೆ ಸ್ವಲ್ಪ ಪೆಟ್ಟಾಗಿದೆ. ವಿಮಾನವನ್ನು ಹಂಸಾ ಹುಳಿ ಮಾಡಿದಳು. ಚೆನ್ನಾಗಿತ್ತಂತೆ, ನಾನು ಮೊಸರನ್ನದಲ್ಲೇ ಮುಗಿಸಿದೆ.

ನಿನ್ನಮ್ಮ ಧಾರೆಯ ದಿನ ಮಡಿಲಿಗೆ ಹಾಕಿದ ಗೊಂಬೆಗಳು ಅವು.

ನಿವೇದಿತಾಳಿಗೂ ಕೂಸಿಗೂ ನನ್ನ ಆಶೀರ್ವಾದ. ನಿನಗೆ ಮಾತ್ರ ಕೈ ಮುಗಿದಿದ್ದೇನೆ.

ನಿನ್ನ
ವಾಸುದೇವ

ತಾ.ಕ.: ಸ್ವಲ್ಪ ಪೆಟ್ಟು ಅಂದದ್ದು ಸುಳ್ಳು. ರಾಜನ ತಲೆಯೇ ಕಿತ್ತು ಬಂದು ಸೋಫಾ ಕೆಳಗೆ ಉರುಳಿತ್ತು. ಗಾಬರಿಯಲ್ಲಿ ಅಂಟು ಹಚ್ಚಿ ಕೂರಿಸಿದೆ, ಕನ್ನಡಕ ಹಾಕಿರಲಿಲ್ಲ, ಮುಖ ರಾಣಿಯ ಕಡೆಗೆ ತಿರುಗಿ ಹಿಡಿದುಬಿಟ್ಟಿದೆ. ನಲವತ್ತೊಂದು ವರ್ಷ ಪಕ್ಕದಲ್ಲೇ ನಿಂತು ಒಂದು ದಿನವೂ ಅವಳತ್ತ ತಿರುಗಿ ನೋಡದವನು, ಈಗ ಕಣ್ಣು ಕೀಳುತ್ತಿಲ್ಲ. ಅದನ್ನು ಸರಿಮಾಡಲು ನನಗೆ ಮನಸ್ಸಿಲ್ಲ ಕಣೇ. ಬೈಯುವುದಕ್ಕಾದರೂ ಬೇಗ ಬಾ.