ಅರಿಶಿನ ನೀರು ಕುಡಿದ ದನಿ

ತೇವಾರಂ
೨ ನವೆಂಬರ್ ೨೦೨೫

ಪ್ರೀತಿಯ ತಿಲಗಾ,

ದೀಪಾವಳಿಗೆ ಮೊದಲು ನೀನು ಬರೆದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ. ಬೈದುಕೋ, ಆದರೆ ಓದು. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಭಾವ ಪಕ್ಕದಲ್ಲೇ ಇರುತ್ತಾರೆ. ಮಾತು ಹೋದ ಮೇಲೆ ಅವರ ಕಿವಿ ಬಹಳ ಚುರುಕಾಗಿದೆ. ಕೊಳ್ಳೇಗಾಲಕ್ಕೆ ಸೊಸೆಯಾಗಿ ಹೋಗಿ ನೀನು ಕಲಿತು, ರಜೆಗೆ ಬಂದಾಗ ನನಗೂ ಕಲಿಸಿದ ಈ ಕನ್ನಡ ಅಕ್ಷರ ನಮ್ಮ ಮನೆಯಲ್ಲಿ ಬೇರೆ ಯಾರೂ ಓದಲಾರರು. ಅದೇ ಧೈರ್ಯ.

ಜನವರಿಯಲ್ಲಿ ಮಧುರೈಯ ಡಾಕ್ಟರು, "ದನಿಪೆಟ್ಟಿಗೆ ತೆಗೆಯಲೇಬೇಕು, ಹೇಳಬೇಕಾದ್ದನ್ನೆಲ್ಲ ಮೊದಲೇ ರೆಕಾರ್ಡ್ ಮಾಡಿಟ್ಟುಕೊಳ್ಳಿ" ಎಂದದ್ದು ನಿನಗೆ ಗೊತ್ತು. ನಿನ್ನ ಭಾವ ದಿನವೂ ನಮ್ಮ ಅಮುದಾಳ ಲ್ಯಾಪ್‌ಟಾಪ್ ಮುಂದೆ ಕೂತು ಮಾತಾಡಿದರು. ಅವರಮ್ಮ ಹೇಳುತ್ತಿದ್ದ ಸೋಬಾನೆ, ಬೋಡಿಮೆಟ್ಟಿನ ಏಲಕ್ಕಿ ತೋಟದ ಕಥೆಗಳು, ಅಮುದಾಳಿಗೆ ಹುಟ್ಟಲಿದ್ದ ಕೂಸಿಗೆ ಬುದ್ಧಿಮಾತು, ಎಲ್ಲ ನಮ್ಮ ಮನೆಮಾತಾದ ಕನ್ನಡದಲ್ಲೇ. ಲ್ಯಾಪ್‌ಟಾಪ್ ತುಂಬಿತೆಂದು ಮಗಳು ಎಲ್ಲವನ್ನೂ ಒಂದು ಹಾರ್ಡ್ ಡಿಸ್ಕಿಗೆ ಹಾಕಿ, ಇಲ್ಲಿಂದ ಅಳಿಸಿದಳು. ಅವರ ಕಂಠ ಇದ್ದದ್ದು ಆ ಅಂಗೈಯಗಲದ ಕರಿ ಡಬ್ಬಿಯಲ್ಲಿ ಮಾತ್ರ.

ಆಯುಧಪೂಜೆ ಬಂತು. ನಿನ್ನ ಭಾವ ವರ್ಷವೂ ಮಾಡುವಂತೆ ಏಲಕ್ಕಿ ತಕ್ಕಡಿ, ತೂಕದ ಬಟ್ಟು, ಕತ್ತಿ ಎಲ್ಲ ತೊಳೆದು ದೇವರ ಮುಂದೆ ಜೋಡಿಸಿದರು. ಈ ಸಲ ನಡುವೆ ಡಿಸ್ಕನ್ನೂ ಇಟ್ಟರು. ನಾನು ಅಡುಗೆಮನೆಯಿಂದ ಬರುವಷ್ಟರಲ್ಲಿ ಅದಕ್ಕೂ ಅರಿಶಿನ ನೀರಿನ ಅಭಿಷೇಕವಾಗಿ, ವೈರು ಸಿಕ್ಕಿಸುವ ತೂತಿನ ಮೇಲೆ ಗಂಧ ಕುಂಕುಮ ಮೆತ್ತಿತ್ತು. ನಾನು ಕಿರುಚಿದೆ. ಅವರು ಸ್ಲೇಟು ಎತ್ತಿಕೊಂಡು ನಮ್ಮ ಮಾತನ್ನೇ ತಮಿಳಕ್ಷರದಲ್ಲಿ ಬರೆದರು: "ಇದೂ ಕೆಲಸ ಮಾಡಿದ ಸಾಮಾನಲ್ಲವಾ?"

ಒಣಗಿಸಿ ಲ್ಯಾಪ್‌ಟಾಪಿಗೆ ಹಾಕಿದರೆ ಒಳಗೆ ಟಕ್ ಟಕ್ ಎಂದು ಸದ್ದು. ತೇನಿಯ ಅಂಗಡಿಯವನು ನೋಡಿ, "ಫಾರ್ಮ್ಯಾಟ್ ಮಾಡಿಬಿಡ್ತೀನಿ ಮೇಡಂ, ಹೊಸದರ ಥರಾ ಆಗುತ್ತೆ" ಅಂದ. ಫಾರ್ಮ್ಯಾಟ್ ಅಂದರೆ ಇದ್ದದ್ದನ್ನೆಲ್ಲ ಅಳಿಸುವುದು ಅಂತ ಕೇಳಿದ ಮೇಲೇ ಬಾಯಿಬಿಟ್ಟ. ಕಂಪನಿಗೆ ಫೋನ್ ಮಾಡಿದರೆ, ಗ್ಯಾರಂಟಿ ಇದೆ, ಹೊಸ ಡಿಸ್ಕ್ ಕೊಡುತ್ತೇವೆ ಎಂದರು. ಅಲ್ಲ ತಿಲಗಾ, ಮಗು ಕಳೆದುಹೋಗಿದೆ ಎಂದು ಹೋದವಳಿಗೆ ಖಾಲಿ ತೊಟ್ಟಿಲು ಕೊಟ್ಟು ಕಳಿಸುತ್ತಾರಾ?

ಕೋಪಕ್ಕಿಂತ ಭಯವೇ ಹೆಚ್ಚಾಗಿತ್ತು. ನಾವು ಚಿಕ್ಕವರಿದ್ದಾಗ ಯಾವುದೋ ಕಾಲೇಜಿನವರೆಂದು ಒಬ್ಬರು ಟೇಪ್ ರೆಕಾರ್ಡರ್ ತಂದು, ಪಾಪಮ್ಮಾಳ್ ಅಜ್ಜಿಯನ್ನು ಜಗಲಿಯಲ್ಲಿ ಕೂರಿಸಿ ಹಾಡಿಸಿದ್ದು ನೆನಪಿದೆಯಾ? ಕ್ಯಾಸೆಟ್ ಕಳಿಸುತ್ತೇವೆ ಎಂದು ವಿಳಾಸ ಬರೆದುಕೊಂಡು ಹೋದರು. ಅಜ್ಜಿ ಸಾಯುವವರೆಗೂ ಪೋಸ್ಟ್‌ಮ್ಯಾನ್ ಕಂಡಾಗಲೆಲ್ಲ, "ನನ್ನ ಪಾಟ್ಟು ಬಂತಾ ಅಪ್ಪಾ?" ಅನ್ನುತ್ತಿದ್ದಳು. ನಮ್ಮಿಂದ ಹೋದ ದನಿ ಒಂದೂ ಹಿಂದಿರುಗಿ ಬಂದಿಲ್ಲ.

ಕೊನೆಗೆ ದಿಂಡಿಗಲ್‌ನಲ್ಲಿ ಜೆಯಕುಮಾರ್ ಎಂಬವನು ಕೆಟ್ಟ ಡಿಸ್ಕಿನಿಂದ ಒಳಗಿದ್ದದ್ದನ್ನು ತೆಗೆದುಕೊಡುತ್ತಾನೆಂದು ತಿಳಿದು ಬಸ್ಸು ಹತ್ತಿದೆ. ಡಿಸ್ಕನ್ನು ಹತ್ತಿಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡಿದ್ದೆ. ಬಸ್ಸು ಕುಲುಕಿದಾಗಲೆಲ್ಲ ನನ್ನ ಹೊಟ್ಟೆಯೊಳಗೇ ಟಕ್ ಎಂದಂತಾಗುತ್ತಿತ್ತು.

ಅವನು ತೂತು ನೋಡಿ ನಕ್ಕ. "ಏನಕ್ಕಾ, ಡಿಸ್ಕಿಗೆ ಸೀಮಂತ ಮಾಡಿದ್ರಾ?" ಆಮೇಲೆ ಡಿಸ್ಕಿಗೆ ವೈರು ಸಿಕ್ಕಿಸಿ, ಚೀಟಿ ಬರೆಯಲು, "ಯಾರ ದನಿ ಇದು? ಹೆಸರು ಹೇಳಿ" ಅಂದ.

ಹೆಡ್‌ಮಿಸ್ ಆಗಿದ್ದಾಗ, ಗಂಡನ ಹೆಸರು ಹೇಳಿದರೆ ಆಯುಸ್ಸು ಕಡಿಮೆಯಾಗುತ್ತದೆ ಅನ್ನುವುದು ಮೂಢನಂಬಿಕೆ ಎಂದು ಹುಡುಗಿಯರಿಗೆ ಪಾಠ ಮಾಡಿದವಳು ನಾನು. ಆ ಕೌಂಟರಿನ ಮುಂದೆ, ಆ ಟಕ್ ಟಕ್ ಕೇಳುತ್ತಾ, ಹೇಳಲಾಗಲಿಲ್ಲ. ಪೆನ್ನು ಇಸಿದುಕೊಂಡು ಕರುಪ್ಪಯ್ಯ ಎಂದು ಬರೆದುಕೊಟ್ಟೆ. ಅವರೂ ಹಾಗೆಯೇ, ನೀನು ಕಂಡಿದ್ದೀಯಲ್ಲ. ಮದುವೆಯಾದಾಗಿನಿಂದ "ಇಲ್ನೋಡು" ಎಂಬುದೇ ನನ್ನ ಹೆಸರು.

ನಿನ್ನೆ ಫೋನ್ ಬಂತು, ಮತ್ತೆ ಹೋಗಿ ತಂದೆ. ಫೈಲುಗಳ ಹೆಸರೆಲ್ಲ ಅಳಿಸಿ ಬರೀ ನಂಬರುಗಳಾಗಿವೆ. ಮುಕ್ಕಾಲು ಪಾಲು ತೆರೆಯುತ್ತವೆ. ಸೋಬಾನೆ ಬಂದಿದೆ, ನಡುನಡುವೆ ತೊದಲುತ್ತದೆ. ಕೂಸಿಗೆ ಹೇಳಿದ ಬುದ್ಧಿಮಾತು ಪೂರಾ ಇದೆ. ಅಮುದಾ ಕೇಳಿ ಅತ್ತಳು. ಈಗ ಮೂರು ಕಡೆ ನಕಲು ಮಾಡಿಟ್ಟಿದ್ದಾಳೆ. ನಿನಗೂ ಒಂದು ಬರುತ್ತದೆ, ದಯವಿಟ್ಟು ದೇವರ ಮನೆಯಲ್ಲಿ ಇಡಬೇಡ.

ನಾಳೆ ಸೋಮವಾರ ಮಧುರೈಗೆ ಹೋಗಬೇಕು. ನಿನ್ನ ಭಾವನ ಕತ್ತಿನಲ್ಲಿ ಮತ್ತೆ ಸಣ್ಣ ಗಂಟು ಕಾಣಿಸಿದೆ, ಸ್ಕ್ಯಾನ್ ಮಾಡುತ್ತಾರೆ. ಏನೂ ಇರಲಾರದು ಅನ್ನುತ್ತಾರೆ ಡಾಕ್ಟರು. ನೀನೂ ಹಾಗೇ ಅಂದುಕೋ. ಮಕ್ಕಳೂ ನೀನೂ ತಣ್ಣಗಿರಿ, ನಿನ್ನ ಮನೆಯ ದೀಪ ಸದಾ ಉರಿಯುತ್ತಿರಲಿ.

ನಿನ್ನ ಅಕ್ಕ,
ಜೆಯಂತಿ

ಮತ್ತೊಂದು ಮಾತು: ಬರೆಯಬಾರದೆಂದೇ ಕವರು ಅಂಟಿಸಿದ್ದೆ, ಬಿಚ್ಚಿದೆ. ಆಪರೇಶನ್ನಿನ ಹಿಂದಿನ ದಿನ ಅವರು ಬಾಗಿಲು ಹಾಕಿಕೊಂಡು ಒಂದು ರೆಕಾರ್ಡ್ ಮಾಡಿದ್ದರು. ಹೊರಗೆ ಬಂದು, "ನಾನು ವಾಪಸು ಬರದಿದ್ದರೆ ಕೇಳು" ಅಂದರು. ವಾಪಸು ಬಂದರು, ನಾನು ಕೇಳಲಿಲ್ಲ. ಅದು ಅಲ್ಲಿದೆ ಎಂಬುದೇ ಸಾಕಾಗಿತ್ತು. ನಿನ್ನೆ ಜೆಯಕುಮಾರ್ ಸರಿಯಾಗಿದೆಯಾ ನೋಡಲು ಒಂದೊಂದೇ ಫೈಲು ಒತ್ತುತ್ತಿದ್ದ. ಅಂಗಡಿಯ ತುಂಬ ಜನ. ಸ್ಪೀಕರಿನಿಂದ ಅವರ ಹಳೇ ಕಂಠ "ಜೆಯಂತೀ" ಅಂದಿತು. ಆಮೇಲೆ ಬರೀ ಕರಕರ. "ಇದು ಕೆಟ್ಟುಹೋಗಿದೆ ಅಕ್ಕಾ, ಇಷ್ಟೇ ಬರೋದು" ಅಂದ.

ಮನೆಗೆ ಬಂದು ಅವರ ಮುಂದೆ ಕೂತು, ಆವತ್ತು ಏನು ಹೇಳಿದಿರಿ, ಈಗ ಬರೆದುಕೊಡಿ ಅಂದೆ. ತುಂಬಾ ಹೊತ್ತು ಸ್ಲೇಟು ಒರೆಸುತ್ತಿದ್ದರು. ಕತ್ತಿನ ಗಂಟನ್ನು ಒಮ್ಮೆ ಮುಟ್ಟಿಕೊಂಡರು. ಆಮೇಲೆ ಬರೆದರು: "ಹೆಸರು ಕರೆದೆ. ಅಷ್ಟೇ."

ಆ ಫೈಲು ಹನ್ನೊಂದು ನಿಮಿಷದ್ದು, ತಿಲಗಾ.