ಗೆರೆಗಳಿಲ್ಲದ ಅಂಗೈ

ಏಳನೆಯ ಪಾಚಿಕೊಳದ ಆರೋಗ್ಯಕಟ್ಟೆ, ರಾಯಚೂರು
ಫೆಬ್ರವರಿ ಮೂವತ್ತು, ಎರಡು ಸಾವಿರದ ನೂರ ಅರವತ್ತೊಂದು

ಇಸುಬಿನ ರೋಗಿಗಳನ್ನು ಮೊಬೈಲಿನ ಗುಂಪುಗಳಲ್ಲಿ ವಿಚಾರಿಸಿಕೊಳ್ಳುತ್ತಿರುವ ಎಲ್ಲ ಕಿರಿಯ ದಾದಿಯರಿಗೆ,

ತಾರೀಖು ಕಂಡು ನಗಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೆ ಮೂವತ್ತು ದಿನ. ಬೇಸಿಗೆಯ ತಿಂಗಳುಗಳಿಂದ ಒಂದೆರಡು ದಿನ ಕಿತ್ತು ಇದಕ್ಕೆ ಸೇರಿಸಿದ್ದಾರೆ. ಅದರಿಂದ ಬಿಸಿಲೇನೂ ಕಡಿಮೆಯಾಗಿಲ್ಲ. ನನ್ನ ಬರಹದಲ್ಲಿ ನಿಮಗೆ ಪರಿಚಯವಿಲ್ಲದ ಪದಗಳು ಬಂದಾವು, ಕ್ಷಮಿಸಿ. ವರ್ಷಗಳನ್ನು ನೋಡಿದರೆ ನೀವು ನನ್ನ ಮುತ್ತಜ್ಜಿಯ ಓರಗೆಯವರು. ಆದರೂ ಹೊಸ ಸಮವಸ್ತ್ರ ತೊಟ್ಟ ಯಾರನ್ನು ಕಂಡರೂ ‘ಮಕ್ಕಳೇ’ ಎಂದು ಕರೆಯುವ ಅಭ್ಯಾಸ ನನಗೆ ನಲವತ್ತೆಂಟು ವರ್ಷಗಳಿಂದ ಅಂಟಿಕೊಂಡಿದೆ. ಮಕ್ಕಳೇ, ನಾಳೆ ಆರೋಗ್ಯ ಮಂಡಳಿಯವರು ನಮ್ಮ ಬಳಗವನ್ನು ಮುಚ್ಚಲು ಬರುತ್ತಿದ್ದಾರೆ. ಅದಕ್ಕೇ ಈ ಪತ್ರ.

ಮೊದಲು ನಮ್ಮ ಊರಿನ ಬದುಕನ್ನು ಹೇಳಬೇಕು. ಹೊಲಗಳು ಕಾದು ಹೋದ ಮೇಲೆ ಇಲ್ಲಿ ಆಹಾರ ಬೆಳೆಯುವುದು ಪಾಚಿಕೊಳಗಳಲ್ಲಿ, ಅಂದರೆ ಮೊಣಕಾಲುದ್ದದ ಉಪ್ಪುನೀರಿನ ತೊಟ್ಟಿಗಳಲ್ಲಿ. ಹೆಣ್ಣುಮಕ್ಕಳು ನಸುಕಿನಲ್ಲೇ ತೊಟ್ಟಿಗಿಳಿದು, ಒಂಬತ್ತರ ಒಳಗೆ ಹಸಿರು ಕೆನೆಯನ್ನು ಕೈಯಿಂದ ಬಾಚಿ ತೆಗೆದು, ಬಿಸಿಲೇರುವ ಮೊದಲು ನೆಲಮನೆಗೆ ಇಳಿಯುತ್ತಾರೆ. ಮಧ್ಯಾಹ್ನವನ್ನು ಇಡೀ ಊರು ನೆಲದಡಿಯ ಈ ಕೋಣೆಗಳಲ್ಲೇ ಕಳೆಯುತ್ತದೆ. ಉಪ್ಪು, ಬೆವರು, ತಲೆಗೆ ಒಂದೇ ಕೊಡ ಸ್ನಾನದ ನೀರು: ಇಸುಬಿಗೆ ಇದಕ್ಕಿಂತ ಒಳ್ಳೆಯ ತವರು ಬೇಕೆ? ಮೊದಲು ಬೆರಳ ಸಂದಿಯಲ್ಲಿ ತುರಿಕೆ, ಆಮೇಲೆ ಕೆಂಪು, ಆಮೇಲೆ ಒಡೆದು ಸೋರುವ ಚರ್ಮ. ಔಷಧವಿದೆ, ನಿಮ್ಮ ಕಾಲದಲ್ಲೂ ಇತ್ತು. ಆದರೆ ಇಸುಬು ಹೋದಂತೆ ಮಾಡಿ ಮತ್ತೆ ಬರುವ ನೆಂಟ. ಮೈ ಹಸಿಯಿರುವಾಗಲೇ ಮುಲಾಮು ಹಚ್ಚಿದರೇ, ಗಾಯ ಮಾಯಿತೆಂದು ಅರ್ಧದಲ್ಲೇ ಬಿಟ್ಟರೇ, ಉಗುರು ಕತ್ತರಿಸಿದರೇ ಎಂದು ಯಾರಾದರೂ ದಿನವೂ ಕೇಳುತ್ತಿರಬೇಕು. ಅದನ್ನೇ ಕೇಳುವುದು ನಮ್ಮ ಬಳಗ: ಮುನ್ನೂರ ಹನ್ನೆರಡು ರೋಗಿಗಳು, ನಾವು ನಾಲ್ವರು ದಾದಿಯರು, ಮತ್ತು ಎಲ್ಲರ ಕೊರಳಲ್ಲೂ ತೂಗುವ ಮಾತುಬಿಲ್ಲೆ. ಅದು ನಿಮ್ಮ ಮೊಬೈಲಿನ ಮರಿಮಗಳೆಂದುಕೊಳ್ಳಿ. ‘ಸಿಸ್ಟರ್’ ಎಂಬ ನಿಮ್ಮ ಕಾಲದ ಮಾತು ಇಂದಿಗೂ ಬದುಕಿದೆ. ಬೆಳಗಿನ ಹೂವಿನ ಚಿತ್ರಗಳೂ ಬದುಕಿವೆ, ಕ್ಷಮಿಸಿ, ಅವನ್ನು ನಿಲ್ಲಿಸಲು ನಮ್ಮಿಂದಲೂ ಆಗಿಲ್ಲ.

ಈಗ ನನ್ನ ತಪ್ಪಿನ ವಿಷಯ. ಏಳನೆಯ ಕೊಳದ ತಾಯವ್ವ ಐವತ್ತರ ಹೆಂಗಸು, ಬಾಯಿ ಚುರುಕು. ಮೂರು ತಿಂಗಳ ಆರೈಕೆಯ ನಂತರ ಒಂದು ದಿನ ತನ್ನ ಬಲಗೈಯ ಚಿತ್ರ ಕಳಿಸಿದಳು. ಕೆಂಪಿಲ್ಲ, ಬಿರುಕಿಲ್ಲ, ಹೊಳೆಯುವ ಕೈ. ಆ ಬೆಳಿಗ್ಗೆ ನನ್ನ ಮುಂದೆ ಎಪ್ಪತ್ತು ಚಿತ್ರಗಳಿದ್ದವು. ಒಂದು ಪ್ರಶ್ನೆಯನ್ನೂ ಕೇಳದೆ, ಉತ್ತರವಾಗಿ ಹೆಬ್ಬೆರಳೆತ್ತಿದ ಚಿತ್ರ ಕಳಿಸಿ, ಮುಲಾಮು ನಿಲ್ಲಿಸಿ ಕೆಲಸಕ್ಕೆ ಹೋಗಬಹುದೆಂದು ಬರೆದೆ. ಮಂಡಳಿಯ ಯಂತ್ರ, ನಾವು ‘ಚರ್ಮದರ್ಶಕ’ ಎನ್ನುವುದು, ಅದೇ ಚಿತ್ರಕ್ಕೆ ‘ಗುಣವಾಗಿದೆ’ ಎಂಬ ಮುದ್ರೆ ಒತ್ತಿತು. ಒಂಬತ್ತನೆಯ ದಿನ ತಾಯವ್ವನ ಬೆರಳುಗಳು ಕೀವು ತುಂಬಿ ಮಡಚಲಾರದಾದವು.

ತಪ್ಪನ್ನು ಕಂಡುಹಿಡಿದವಳು ನನ್ನ ಕೈಕೆಳಗೆ ಕಲಿಯುತ್ತಿರುವ ರುಖಿಯಾ. ಹಳೆಯ ಚಿತ್ರವನ್ನು ಬಹಳ ಹೊತ್ತು ನೋಡಿ ಹೇಳಿದಳು: “ಸಿಸ್ಟರ್, ಈ ಅಂಗೈಯಾಗ ಗೆರಿನೇ ಇಲ್ಲ.” ನಿಜ. ಮೂವತ್ತು ವರ್ಷ ಪಾಚಿ ಬಾಚಿದ ಕೈ ಹಸುಗೂಸಿನ ಕೆನ್ನೆಯಂತಿತ್ತು. ಮಾತುಬಿಲ್ಲೆ ತಾನಾಗಿಯೇ ಎಲ್ಲ ಚರ್ಮವನ್ನೂ ನುಣುಪು ಮಾಡಿ ತೋರಿಸುತ್ತದೆ. ಅದಕ್ಕೆ ‘ಮೆರುಗು’ ಎಂದು ಹೆಸರು. ನಿಮ್ಮ ಮೊಬೈಲುಗಳೂ ಮುಖಕ್ಕೆ ಇದನ್ನು ಮಾಡುತ್ತವೆ, ಅಲ್ಲವೆ? ಚೆಂದ ಕಾಣಲೆಂದು ಇಟ್ಟ ಸೌಕರ್ಯ ರೋಗವನ್ನು ಅಳಿಸಿತ್ತು. ಅದು ಅಳಿಸಿದ ಜಾಗವನ್ನು ನೋಡಿ ನಾನು ಶಹಬ್ಬಾಸ್ ಎಂದಿದ್ದೆ.

ಮರುದಿನವೇ ತಾಯವ್ವನ ನೆಲಮನೆಗೆ ಹೋಗಿ ತಪ್ಪು ನನ್ನದೆಂದು ಹೇಳಿದೆ. ಅವಳು ಬೈದಳು, ಚೆನ್ನಾಗಿಯೇ ಬೈದಳು, ನಂತರ ಪಟ್ಟಿ ಬದಲಿಸಲು ಕೈ ಚಾಚಿದಳು. ಅಂದಿನಿಂದ ರುಖಿಯಾ ಒಂದು ಕಟ್ಟಳೆ ತಂದಳು: ಯಾವ ಚಿತ್ರ ತೆಗೆದರೂ ಚರ್ಮಕ್ಕೆ ಒತ್ತಿ ಒಂದು ಗೋಣಿಯ ಚೂರು ಇಡಬೇಕು. ಗೋಣಿಯ ಎಳೆಗಳು ಎಣಿಸುವಂತೆ ಕಂಡರೆ ಚಿತ್ರ ನಿಜ. ಗೋಣಿ ರೇಷ್ಮೆಯಂತೆ ಕಂಡರೆ ಸುಳ್ಳು. ಚಿತ್ರದ ಜೊತೆಗೆ ಪ್ರಶ್ನೆಗಳೂ ಉಂಟು. ತುರಿಕೆಗೆ ಎಷ್ಟು ಸಲ ಎಚ್ಚರವಾಯಿತು? ರೊಟ್ಟಿ ಬಡಿಯುವಾಗ ಎಲ್ಲಿ ಉರಿಯಿತು? ಈ ಉತ್ತರಗಳಿಗೆ ಮೆರುಗು ಹಚ್ಚುವ ಬಿಲ್ಲೆ ಇನ್ನೂ ಹುಟ್ಟಿಲ್ಲ.

ಆದರೂ ನನ್ನ ತಪ್ಪನ್ನೇ ಮುಂದಿಟ್ಟುಕೊಂಡು ಆರೋಗ್ಯ ಮಂಡಳಿ ವಿಚಾರಣೆಗೆ ಕರೆಯಿತು. ದಾದಿಯರ ಬಳಗ ಮುಚ್ಚಬೇಕು, ಇನ್ನು ಮುಂದೆ ಯಂತ್ರವೊಂದೇ ಸಾಕು ಎಂಬುದು ಅವರ ಕರಡು ಆಜ್ಞೆ. ಸಾಕ್ಷಿಯಾಗಿ ಕರೆಸಿದ್ದು ತಾಯವ್ವನನ್ನು. ನೊಂದವಳು, ನಮ್ಮ ವಿರುದ್ಧ ನುಡಿಯುತ್ತಾಳೆಂದು ಅವರ ಎಣಿಕೆ. ಅವಳು ಪಟ್ಟಿ ಸುತ್ತಿದ ಕೈಯನ್ನು ಮೇಜಿನ ಮೇಲಿಟ್ಟು ಅಧ್ಯಕ್ಷರಿಗೆ ಹೇಳಿದ್ದಿಷ್ಟು: “ನಿಮ್ಮ ಯಂತ್ರಕ್ಕೂ ಕಾಣಲಿಲ್ಲ, ನಮ್ಮ ಸಿಸ್ಟರಿಗೂ ಕಾಣಲಿಲ್ಲ. ಖರೆ. ಆದ್ರ ಸಿಸ್ಟರು ಮನಿಗೆ ಬಂದು ತಪ್ಪು ನಂದು ಅಂದ್ರು. ನಿಮ್ಮ ಯಂತ್ರದ ದಾರಿ ಇನ್ನಾ ನೋಡಾಕತ್ತೀನಿ, ಸಾಹೇಬ್ರ.”

ಸಭೆ ನಕ್ಕಿತು, ಅಧ್ಯಕ್ಷರು ನಗಲಿಲ್ಲ. ದಾದಿಯರು ಹೀಗೆ ದೂರದಿಂದ ರೋಗಿಗಳನ್ನು ಕಾಯ್ದು ಗೆದ್ದದ್ದಕ್ಕೆ ಹಿಂದಿನ ಕಾಲದ ದಾಖಲೆ ತೋರಿಸಿ ಎಂದರು. ಮೂವತ್ತು ದಿನ ಗಡುವು, ಅದು ನಾಳೆಗೆ ಮುಗಿಯುತ್ತದೆ. ರುಖಿಯಾ ಮತ್ತು ನಾನು ಹಳೆಯ ಬರಹಗಳ ಉಗ್ರಾಣವನ್ನು ಜಾಲಾಡಿದೆವು. ನಿಮ್ಮ ವರ್ಷಗಳಿಂದ ಸಿಕ್ಕದ್ದು ಲಕ್ಷಾಂತರ ಕೈಗಳ, ಕಾಲುಗಳ ಚಿತ್ರ, ಅಡಿಯಲ್ಲಿ ‘ಓಕೆ’, ಹೆಬ್ಬೆರಳು, ಕೈಮುಗಿದ ಗುರುತು. ನೀವು ಫೋನಿನಲ್ಲಿ ಹೇಳಿದ ಬುದ್ಧಿಮಾತು, ಊಟದ ಹೊತ್ತಿನಲ್ಲಿ ಉತ್ತರಿಸಿದ ಪ್ರಶ್ನೆ, ಗಾಬರಿಯಾದ ತಾಯಿಗೆ ಹೇಳಿದ ಸಮಾಧಾನ, ಇದಾವುದೂ ಇಲ್ಲ. ಜಾಗ ಸಾಲದೆಂದು ನೀವೇ ಅಳಿಸಿದಿರೋ, ಇದೇನು ಬರೆದಿಡುವ ಕೆಲಸವೇ ಎಂದು ಬಿಟ್ಟಿರೋ, ತಿಳಿಯದು.

ಆದ್ದರಿಂದ ಕೇಳುತ್ತೇನೆ, ಬರೆದಿಡಿ. ರೋಗಿಯ ಒಪ್ಪಿಗೆ ಪಡೆಯಿರಿ, ಹೆಸರು ತೆಗೆಯಿರಿ, ಒಬ್ಬರ ಮೈಯ ಚಿತ್ರವನ್ನು ಎಲ್ಲರ ನಡುವೆ ಹರಡಬೇಡಿ. ಆದರೆ ನೀವು ಏನು ಕೇಳಿದಿರಿ, ಅವರು ಏನೆಂದರು, ಯಾವ ಮಾತಿನಿಂದ ಮುಲಾಮು ಮತ್ತೆ ಶುರುವಾಯಿತು, ಅದನ್ನು ಪೂರ್ಣ ವಾಕ್ಯಗಳಲ್ಲಿ ಬರೆಯಿರಿ. ನಿಮ್ಮ ತಪ್ಪುಗಳನ್ನು ಮೊದಲು ಬರೆಯಿರಿ. ‘ದಾದಿಗೆ ಮೊಬೈಲಿನಲ್ಲಿ ಏನು ಕೆಲಸ’ ಎಂದು ಗದರಿಸುವ ಹಿರಿಯರು ನಿಮ್ಮಲ್ಲೂ ಇರುತ್ತಾರೆ. ಅವರಿಗೆ ವಿನಯದಿಂದ ನಮಸ್ಕರಿಸಿ, ಮುಂದಿನ ರೋಗಿಗೆ ಉತ್ತರ ಬರೆಯಿರಿ.

ನಿಮ್ಮ ಬರಹ ನಾಳೆಯೊಳಗೆ ನಮಗೆ ಸಿಗದೆ ಹೋಗಬಹುದು. ಸಿಗಲಿ, ಬಿಡಲಿ, ನಾವು ನಾಲ್ವರೂ ತೀರ್ಮಾನಿಸಿಯಾಗಿದೆ. ಹತ್ತು ಗಂಟೆಗೆ ಮಂಡಳಿಯವರು ಬಳಗವನ್ನು ತೆರೆಯುವ, ಮುಚ್ಚುವ ಕೀಲಿಪದ ಕೇಳಲು ಬರುತ್ತಾರಂತೆ. ಹತ್ತು ಗಂಟೆಗೆ ಕೊಳದಿಂದ ಮರಳಿದ ಹೆಣ್ಣುಮಕ್ಕಳು ಕೈ ತೊಳೆದು ನಮ್ಮನ್ನು ಕರೆಯುತ್ತಾರೆ, ಮುನ್ನೂರ ಹನ್ನೆರಡು ಮಂದಿ. ಮಂಡಳಿಯವರಿಗೆ ಬೆಂಚು ಹಾಕಿಸಿದ್ದೇನೆ. ಅವರು ಕಾಯಲಿ.

ನಿಮ್ಮವಳೇ ಆದ
ನೀಲಾಂಬಿಕೆ ಕವಿತಾಳ, ಹಿರಿಯ ದಾದಿ